ಸ್ಪ್ಯಾನಿಷ್ ಕಲಿಯುವವರ ಸಂದೇಹಗಳು

ಪರಭಾಷೆಯೊಂದನ್ನು ಕಲಿಯಹೊರಟವರು ಮೊದಮೊದಲು ಪದಗಳನ್ನು ಕುರಿತು ಪ್ರಶ್ನೆ ಕೇಳುತ್ತಾರೆ. ನಾಲ್ಕಾರು ತಿಂಗಳು ಕಳೆದ ಮೇಲೆ ವ್ಯಾಕರಣವನ್ನು ಕುರಿತು ಕೇಳತೊಡಗುತ್ತಾರೆ. ಪದದ ಪ್ರಶ್ನೆಗೆ ನಿಘಂಟು ಉತ್ತರ ಕೊಡುತ್ತದೆ. ವ್ಯಾಕರಣದ ಪ್ರಶ್ನೆ ಹಾಗಲ್ಲ. ಅದನ್ನು ಕೇಳುವವನು ತನ್ನ ಭಾಷೆಯೊಳಗೆ ನಿಂತುಕೊಂಡೇ ಕೇಳುತ್ತಾನೆ; ಆದುದರಿಂದ ಅವನ ಪ್ರಶ್ನೆಯಲ್ಲಿ ಕಲಿಯುವ ಭಾಷೆ ಎಷ್ಟು ಕಾಣುತ್ತದೆಯೋ ಅವನ ತಾಯಿನುಡಿಯೂ ಅಷ್ಟೇ ಕಾಣುತ್ತದೆ.

ಸ್ಪ್ಯಾನಿಷ್ ಇಂದು 20 ಸ್ವತಂತ್ರ ರಾಷ್ಟ್ರಗಳ ಆಡಳಿತಭಾಷೆ, 50 ಕೋಟಿಗೆ ಹತ್ತಿರ ಜನರ ಮನೆಮಾತು. ಅದನ್ನು ಕಲಿಯುವವರ ಸಂದೇಹಗಳು ಎಲ್ಲೆಡೆಯೂ ಒಂದೇ ಎಂಬಂತೆ ಪಠ್ಯಪುಸ್ತಕಗಳು ಬರೆಯಲ್ಪಟ್ಟಿವೆ. 'ಇರುವುದು' ಎಂಬುದಕ್ಕೆ ಎರಡು ಕ್ರಿಯಾಪದಗಳೇಕೆ? 'ನನಗೆ ಇಷ್ಟ' ಎಂಬಲ್ಲಿ ವಾಕ್ಯ ತಲೆಕೆಳಗಾಗುವುದೇಕೆ? ಮನುಷ್ಯರ ಹೆಸರಿನ ಹಿಂದೆ ಒಂದು 'ಆ' ಬರುವುದೇಕೆ? ಭೂತಕಾಲ ಎರಡು ಬಗೆಯಾಗಿರುವುದೇಕೆ? ಈ ಪಟ್ಟಿಯನ್ನು ನಾವೂ ಭಕ್ತಿಯಿಂದ ಓದಿ, ನಮಗೂ ಇವೆಲ್ಲ ಕಷ್ಟವೆಂದು ನಂಬುತ್ತೇವೆ. ಆದರೆ ಸ್ವಲ್ಪ ಯೋಚಿಸಿದರೆ, ಇವುಗಳಲ್ಲಿ ಅರ್ಧಕ್ಕರ್ಧ ಇಂಗ್ಲಿಷರ ಸಂದೇಹಗಳು, ಕನ್ನಡಿಗನವಲ್ಲ, ಎಂಬುದು ತಿಳಿಯುತ್ತದೆ. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಯುವ ನಾವು ಅವರ ಕಷ್ಟಗಳನ್ನೂ ಸಾಲವಾಗಿ ತಂದುಕೊಂಡಿದ್ದೇವೆ.

ಮುಂದೆ ಹೋಗುವ ಮುನ್ನ ಉಚ್ಚಾರಣೆಯ ಬಗ್ಗೆ ಒಂದು ಮಾತು. ಸ್ಪ್ಯಾನಿಷಿನಲ್ಲಿ ವಕಾರ ಬರಹದಲ್ಲಿ ಮಾತ್ರ ಉಂಟು; ಬಾಯಲ್ಲಿ ಅದು ಬಕಾರವೇ. ತಮಿಳಿನ 'ವಾಯ್' ಕನ್ನಡದಲ್ಲಿ 'ಬಾಯಿ'ಯಾದುದನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ನಾನು ಪದಗಳನ್ನು ಕಿವಿಗೆ ಬೀಳುವಂತೆ ಹೇಳುತ್ತೇನೆ, ಕಾಗದದ ಮೇಲೆ ಕಾಣುವಂತಲ್ಲ.

ಎಲ್ಲರೂ ಮೊದಲು ಎಡವುವುದು 'ಸೇರ್' ಮತ್ತು 'ಎಸ್ತಾರ್' ಎಂಬ ಎರಡು ಕ್ರಿಯಾಪದಗಳಲ್ಲಿ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. 'ಎಸ್ತಾರ್' ಲ್ಯಾಟಿನ್ನಿನ 'ನಿಲ್ಲು' ಎಂಬರ್ಥದ ಧಾತುವಿನಿಂದ ಬಂದದ್ದು. ಸಂಸ್ಕೃತದ 'ಸ್ಥಾ' ಧಾತುವಿನ ಬಂಧು. ಶಾಶ್ವತವಾದ ಗುಣಕ್ಕೆ 'ಸೇರ್', ತಾತ್ಕಾಲಿಕ ಸ್ಥಿತಿಗೆ 'ಎಸ್ತಾರ್' ಎಂದು ಮೇಷ್ಟರು ಹೇಳಿಕೊಡುತ್ತಾರೆ. ವಿದ್ಯಾರ್ಥಿ ಅದನ್ನು ಬರೆದುಕೊಳ್ಳುತ್ತಾನೆ. ಮರುದಿನವೇ 'ಅವನು ಸತ್ತಿದ್ದಾನೆ' ಎಂಬ ವಾಕ್ಯ ಎದುರಾಗುತ್ತದೆ. ಸ್ಪ್ಯಾನಿಷಿನಲ್ಲಿ ಅದು 'ಎಸ್ತಾ ಮುಎರ್ತೊ'. ಸಾವು ತಾತ್ಕಾಲಿಕವೇ? ಮ್ಯಾಡ್ರಿಡ್ ನಗರ ಸ್ಪೇನಿನಲ್ಲಿದೆ ಎನ್ನುವುದಕ್ಕೂ 'ಎಸ್ತಾ'. ಮ್ಯಾಡ್ರಿಡ್ ನಾಳೆ ಎದ್ದು ಬೇರೆಲ್ಲಿಗಾದರೂ ಹೋಗುತ್ತದೆಯೇ? ನಿಯಮ ಇಲ್ಲಿಗೇ ಮುರಿದುಬಿತ್ತು. ಇಂಥ ಮುರುಕು ನಿಯಮವನ್ನು ಇನ್ನೂ ಬೋಧಿಸುತ್ತಿರುವುದು ಸೋಮಾರಿತನವೆಂದೇ ನನ್ನ ಅಭಿಪ್ರಾಯ.

ಈಗ ಕನ್ನಡವನ್ನು ನೋಡೋಣ. 'ಅವನು ವೈದ್ಯ' ಎನ್ನುತ್ತೇವೆ. ಅಲ್ಲಿ ಕ್ರಿಯಾಪದವೇ ಇಲ್ಲ. 'ಅವನು ಮನೆಯಲ್ಲಿದ್ದಾನೆ' ಎನ್ನುತ್ತೇವೆ. ಅಲ್ಲಿ 'ಇರು' ಬಂದಿತು. ಇವೆರಡನ್ನೂ ನಿಷೇಧರೂಪಕ್ಕೆ ತಿರುಗಿಸಿದರೆ ಭೇದ ಹಗಲಿನಷ್ಟು ಸ್ಪಷ್ಟ. 'ಅವನು ವೈದ್ಯನಲ್ಲ', 'ಅವನು ಮನೆಯಲ್ಲಿಲ್ಲ'. ಒಂದು ಕಡೆ 'ಅಲ್ಲ', ಇನ್ನೊಂದು ಕಡೆ 'ಇಲ್ಲ'. ಕನ್ನಡ ಮಾತನಾಡುವ ಮೂರು ವರ್ಷದ ಮಗುವೂ ಇವೆರಡನ್ನು ಅದಲುಬದಲು ಮಾಡುವುದು ಅಪರೂಪ. 'ಅಲ್ಲ' ಬರುವಲ್ಲಿ ಸ್ಪ್ಯಾನಿಷಿನಲ್ಲಿ ಬಹುಮಟ್ಟಿಗೆ 'ನೊ ಎಸ್' ಬರುತ್ತದೆ. 'ಇಲ್ಲ' ಬರುವಲ್ಲಿ 'ನೊ ಎಸ್ತಾ'. 'ಅವನು ದಡ್ಡನಲ್ಲ', ಇದು ಸೇರ್. 'ನೀರು ತಣ್ಣಗಿಲ್ಲ', ಇದು ಎಸ್ತಾರ್. 'ಅಬುರ್ರೀದೊ' ಎಂಬ ವಿಶೇಷಣ ಸೇರ್ ಜೊತೆ ಬಂದರೆ ಆ ಮನುಷ್ಯ ಬೇಸರ ಹುಟ್ಟಿಸುವವನು, ಎಸ್ತಾರ್ ಜೊತೆ ಬಂದರೆ ಅವನಿಗೇ ಬೇಸರವಾಗಿದೆ. 'ಲಿಸ್ತೊ' ಎಂಬುದು ಒಂದರೊಡನೆ ಜಾಣ, ಇನ್ನೊಂದರೊಡನೆ ಸಿದ್ಧನಾಗಿರುವವನು. ಇನ್ನು ಆ ಸತ್ತವನ ವಿಷಯ. 'ಸತ್ತಿದ್ದಾನೆ' ಎಂದು ನಾವು ದಿನವೂ ಹೇಳುವುದಿಲ್ಲವೇ? ಸತ್ತು ಇದ್ದಾನೆ! ಒಂದು ಬದಲಾವಣೆ ನಡೆದು ಅದರ ಫಲ ಉಳಿದು ನಿಂತಿದೆ ಎಂಬುದಷ್ಟೇ ಅಲ್ಲಿನ ಅರ್ಥ. 'ಎಸ್ತಾ ಮುಎರ್ತೊ' ಎಂಬಲ್ಲಿಯೂ ಅದೇ.

ಇಷ್ಟು ಸಾಲದೆಂಬಂತೆ ಇನ್ನೊಂದು ಸೂಕ್ಷ್ಮವಿದೆ. ವಸ್ತುವೊಂದು ಎಲ್ಲಿದೆ ಎಂಬುದಕ್ಕೆ ಎಸ್ತಾರ್ ಬರುತ್ತದೆ. ಆದರೆ ಸಮಾರಂಭವೊಂದು ಎಲ್ಲಿ ನಡೆಯುತ್ತದೆ ಎಂಬುದಕ್ಕೆ ಸೇರ್ ಬರಬೇಕು. ಪಠ್ಯಪುಸ್ತಕಗಳು ಇದನ್ನು ಅಪವಾದವೆಂದು ಕೊನೆಯ ಪುಟಕ್ಕೆ ತಳ್ಳುತ್ತವೆ. ನಾವಾದರೋ 'ಮದುವೆ ಈ ಊರಿನಲ್ಲಲ್ಲ, ಮೈಸೂರಿನಲ್ಲಿ' ಎನ್ನುತ್ತೇವೆ. 'ಪುಸ್ತಕ ಈ ಕಪಾಟಿನಲ್ಲಿಲ್ಲ' ಎನ್ನುತ್ತೇವೆ. ಅಪವಾದವೂ ನಮ್ಮ ನಾಲಗೆಯ ಮೇಲೆ ಮೊದಲೇ ಕುಳಿತಿದೆ.

ಈ ಸಾಮ್ಯವನ್ನು ಬಹಳ ದೂರ ಎಳೆಯಬಾರದೆಂಬುದನ್ನೂ ಹೇಳಬೇಕು. ಭೂತಕಾಲಕ್ಕೆ ಹೋದೊಡನೆ ನಮ್ಮ ಅಳತೆಗೋಲು ಕೆಡುತ್ತದೆ. 'ಅವನು ವೈದ್ಯನಾಗಿರಲಿಲ್ಲ' ಎಂಬಲ್ಲಿ ನಾವು 'ಇರು' ಧಾತುವನ್ನೇ ಬಳಸುತ್ತೇವೆ, ಸ್ಪ್ಯಾನಿಷರು ಸೇರ್ ಅನ್ನು ಬಿಡುವುದಿಲ್ಲ. 'ಮೇಜಿನ ಮೇಲೆ ಪುಸ್ತಕವಿದೆ' ಎಂಬುದಕ್ಕೂ 'ಪುಸ್ತಕ ಮೇಜಿನ ಮೇಲಿದೆ' ಎಂಬುದಕ್ಕೂ ನಮಗೆ ಪದಗಳ ಕ್ರಮವೊಂದೇ ಭೇದ. ಅವರು ಮೊದಲನೆಯದಕ್ಕೆ 'ಆಯ್' ಎಂಬ ಮೂರನೆಯದೊಂದು ರೂಪವನ್ನೇ ಇಟ್ಟುಕೊಂಡಿದ್ದಾರೆ. ಆದರೂ ಹತ್ತರಲ್ಲಿ ಎಂಟು ಕಡೆ ದಾರಿ ತೋರುವ ದೀಪವನ್ನು ಯಾರು ಆರಿಸುತ್ತಾರೆ?

ಎರಡನೆಯ ಸಂದೇಹ 'ಗುಸ್ತಾರ್' ಎಂಬ ಕ್ರಿಯಾಪದವನ್ನು ಕುರಿತದ್ದು. 'ಮೆ ಗುಸ್ತಾ ಎಲ್ ಕಫೆ'. ಇದನ್ನು ಇಂಗ್ಲಿಷರಿಗೆ ವಿವರಿಸಲು ಪುಟಗಟ್ಟಲೆ ಬರೆಯಬೇಕಾಗುತ್ತದೆ: ಇಲ್ಲಿ ಕುಡಿಯುವವನು ಕರ್ತೃವಲ್ಲ, ಕಾಫಿಯೇ ಕರ್ತೃ, ಮೆಚ್ಚುವವನು ಚತುರ್ಥೀ ವಿಭಕ್ತಿಯಲ್ಲಿ ಬರುತ್ತಾನೆ, ಇತ್ಯಾದಿ. ಕನ್ನಡಿಗನಿಗೆ ವಿವರಣೆಯೇ ಬೇಡ: 'ನನಗೆ ಕಾಫಿ ಇಷ್ಟ'. ಮೆಚ್ಚಿದ ವಸ್ತು ಬಹುವಚನವಾದರೆ ಕ್ರಿಯಾಪದವೂ ಬಹುವಚನವಾಗುವುದೆಂಬುದೊಂದನ್ನು ನೆನಪಿಟ್ಟರೆ ಸಾಕು. ತಲೆನೋವಿನ ವಾಕ್ಯವಂತೂ ಅಚ್ಚರಿಯದು. 'ಮೆ ದುಎಲೆ ಲಾ ಕಬೇಸಾ': ನನಗೆ ತಲೆ ನೋಯುತ್ತದೆ. 'ನನ್ನ ತಲೆ' ಎಂದು ಅವರೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ನೋಯುವ ತಲೆ ಯಾರದೆಂಬ ಸಂಶಯ ಯಾರಿಗಿದೆ? ಹಸಿವಿನ ಬಳಿ ಮಾತ್ರ ದಾರಿ ಬೇರೆಯಾಗುತ್ತದೆ. ನಮಗೆ ಹಸಿವಾಗುತ್ತದೆ, ಅವರು ಹಸಿವನ್ನು ಹೊಂದಿರುತ್ತಾರೆ.

ಇದೇ ಜಾತಿಗೆ ಸೇರಿದ ಇನ್ನೊಂದು ಪ್ರಯೋಗ ನನಗೆ ಬಹಳ ಪ್ರಿಯವಾದುದು. ಕೈಯಿಂದ ಲೋಟ ಜಾರಿ ಬಿದ್ದಾಗ ಸ್ಪ್ಯಾನಿಷರು 'ನಾನು ಲೋಟ ಬೀಳಿಸಿದೆ' ಎನ್ನುವುದು ಕಡಮೆ. 'ಸೆ ಮೆ ಕಯೋ ಎಲ್ ಬಾಸೊ' ಎನ್ನುತ್ತಾರೆ. ಲೋಟ ತಾನೇ ಬಿತ್ತು, ಅದು ನನಗೆ ಒದಗಿತು, ಎಂದು ಅದರ ಭಾವ. ಮರೆವಿಗೂ ಹೀಗೆಯೇ: 'ಸೆ ಮೆ ಓಲ್ಬಿದೋ'. ತಪ್ಪಿಸಿಕೊಳ್ಳುವ ಜನರ ಭಾಷೆಯಿದು ಎಂದು ನಗುವವರುಂಟು. ನಾವು ನಗುವಂತಿಲ್ಲ. 'ಮರೆತೆ' ಎಂಬ ಚೊಕ್ಕ ರೂಪ ಕೈಯಲ್ಲಿರುವಾಗಲೂ 'ಅಯ್ಯೋ, ಮರೆತುಹೋಯಿತು' ಎಂದೇ ಅಲ್ಲವೇ ನಾವು ಹೇಳುವುದು?

ಇನ್ನು ಮನುಷ್ಯರ ಹಿಂದೆ ಬರುವ 'ಆ'. 'ಬೇಓ ಲಾ ಕಾಸಾ' ಎಂದರೆ ಮನೆ ನೋಡುತ್ತೇನೆ. 'ಬೇಓ ಆ ಮರಿಯಾ' ಎಂದರೆ ಮರಿಯಾಳನ್ನು ನೋಡುತ್ತೇನೆ. ಜೀವವಿಲ್ಲದ ಕರ್ಮಕ್ಕೆ ಏನೂ ಬೇಡ, ಮನುಷ್ಯರಾದರೆ 'ಆ' ಬೇಕು. ಇಂಗ್ಲಿಷರಿಗೆ ಇದು ಬರಿಯ ಹಟದಂತೆ ತೋರುತ್ತದೆ. ನಾವು 'ಮರ ಕಡಿದನು', 'ಮನೆ ಕಟ್ಟಿದನು' ಎಂದು ದ್ವಿತೀಯೆಯನ್ನು ಲೀಲಾಜಾಲವಾಗಿ ಬಿಡುತ್ತೇವೆ. 'ಹುಡುಗನನ್ನು ಕರೆದನು' ಎಂಬಲ್ಲಿ ಬಿಟ್ಟರೆ ಕರೆದವನು ಹುಡುಗನೇ ಆಗಿಬಿಡುತ್ತಾನೆ. ಹೋಲಿಕೆ ಇಲ್ಲಿಗೂ ನಿಲ್ಲುವುದಿಲ್ಲ. ಇಂಥವರೇ ಎಂದು ಗೊತ್ತಿಲ್ಲದ ಮನುಷ್ಯರನ್ನು ಹುಡುಕುವಾಗ ಸ್ಪ್ಯಾನಿಷರು ಆ 'ಆ'ವನ್ನು ಬಿಡುತ್ತಾರೆ. 'ಬುಸ್ಕಾ ಮರೀದೊ' ಎಂದರೆ ಆಕೆ ಮದುವೆಗಾಗಿ ಗಂಡು ಹುಡುಕುತ್ತಿದ್ದಾಳೆ. 'ಬುಸ್ಕಾ ಆ ಸು ಮರೀದೊ' ಎಂದರೆ ಸಂತೆಯಲ್ಲಿ ಕಾಣೆಯಾದ ಗಂಡನನ್ನು ಹುಡುಕುತ್ತಿದ್ದಾಳೆ. 'ಗಂಡು ಹುಡುಕು', 'ಗಂಡನನ್ನು ಹುಡುಕು' ಎಂಬ ನಮ್ಮ ಎರಡು ಮಾತುಗಳನ್ನು ಪಕ್ಕದಲ್ಲಿಟ್ಟರೆ ಟಿಪ್ಪಣಿಯೇ ಬೇಕಾಗುವುದಿಲ್ಲ.

ಭೂತಕಾಲದ ಎರಡು ರೂಪಗಳನ್ನು ಬೇಗ ಮುಗಿಸುತ್ತೇನೆ. ನಡೆದು ಮುಗಿದುದಕ್ಕೆ ಒಂದು ರೂಪ, ನಡೆಯುತ್ತಿದ್ದುದಕ್ಕೆ ಒಂದು, ಹೋದೆ, ಹೋಗುತ್ತಿದ್ದೆ. ಕಷ್ಟವೆನ್ನುವುದು 'ಸಬೇರ್', ಅಂದರೆ ತಿಳಿ, ಎಂಬಂಥ ಧಾತುಗಳಲ್ಲಿ. ಅದರ 'ಸುಪೆ' ಎಂಬ ರೂಪಕ್ಕೂ 'ಸಬೀಆ' ಎಂಬ ರೂಪಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಕ್ರಿಯಾಪದಗಳನ್ನೇ ಹುಡುಕಬೇಕು. ಕನ್ನಡದಲ್ಲಿ 'ಗೊತ್ತಾಯಿತು', 'ಗೊತ್ತಿತ್ತು' ಎಂದರೆ ಆಯಿತು. 'ಕೊನೊಸೀ' ಎಂದರೆ ಪರಿಚಯವಾಯಿತು, 'ಕೊನೊಸೀಆ' ಎಂದರೆ ಪರಿಚಯವಿತ್ತು.

'ಪೊರ್' ಮತ್ತು 'ಪಾರಾ' ಎಂಬೆರಡು ಉಪಪದಗಳ ಗೋಜು ನಿಜವಾದ ಗೋಜೇ. ಕಾರಣ, ವಿನಿಮಯ, ಹಾದುಹೋಗುವ ದಾರಿ ಇವೆಲ್ಲ ಪೊರ್. ಗುರಿ, ಗಡುವು, ಪಡೆಯುವವನು ಇವೆಲ್ಲ ಪಾರಾ. 'ತ್ರಬಾಹೊ ಪಾರಾ ಮಿ ಎರ್ಮಾನೊ' ಎಂದರೆ ನನ್ನ ಸೋದರನ ಕೈಕೆಳಗೆ, ಅವನಿಗಾಗಿ ದುಡಿಯುತ್ತೇನೆ. 'ಪೊರ್ ಮಿ ಎರ್ಮಾನೊ' ಎಂದರೆ ಅವನ ಬದಲಿಗೆ ಅಥವಾ ಅವನ ದೆಸೆಯಿಂದ ದುಡಿಯುತ್ತೇನೆ. 'ದೆಸೆಯಿಂದ' ಮತ್ತು 'ಓಸ್ಕರ' ಎಂಬ ನಮ್ಮ ಹಳೆಯ ಭೇದ ಸ್ವಲ್ಪ ನೆರವಾಗಬಹುದು, ಪೂರ್ತಿಯಾಗಲ್ಲ. ಇದನ್ನು ಓದಿ ಓದಿಯೇ ಪಳಗಿಸಿಕೊಳ್ಳಬೇಕು.

ಕನ್ನಡ ಕೈಕೊಡುವ ಕಡೆಗಳೂ ಉಂಟಲ್ಲ, ಅವನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಲಿಂಗವಿವೇಕ ಅರ್ಥವನ್ನು ಅನುಸರಿಸುತ್ತದೆ; ಅವರಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಆಕಾರದಿಂದ ಕೊನೆಗೊಳ್ಳುವ ಪದ ಸ್ತ್ರೀಲಿಂಗವೆಂದು ನಂಬಿದರೆ 'ಪ್ರೊಬ್ಲೇಮಾ', 'ಸಿಸ್ತೇಮಾ', 'ಪೊಎಮಾ' ಮೊದಲಾದ ಗ್ರೀಕ್ ಮೂಲದ ಪದಗಳು ಪುಲ್ಲಿಂಗವಾಗಿ ನಿಲ್ಲುತ್ತವೆ. ಹೀಗೆ ಕವನ ಗಂಡು. ಕವಿತ್ವವೆಂಬ ಅರ್ಥದ 'ಪೊಎಸೀಆ' ಹೆಣ್ಣು. ಓಕಾರಾಂತವಾದ 'ಮಾನೊ', ಕೈ, ಸ್ತ್ರೀಲಿಂಗ. ನೀರು ಸ್ತ್ರೀಲಿಂಗವೇ ಆದರೂ ಆರಂಭದ ಅಕಾರಕ್ಕೆ ಒತ್ತು ಬೀಳುವುದರಿಂದ ಏಕವಚನದಲ್ಲಿ ಪುಲ್ಲಿಂಗದ 'ಎಲ್' ಎಂಬುದನ್ನು ಮುಂದಿಟ್ಟುಕೊಂಡು ಬರುತ್ತದೆ. ಅದರ ವಿಶೇಷಣ ಮಾತ್ರ ಸ್ತ್ರೀಲಿಂಗದಲ್ಲಿಯೇ ಇರಬೇಕು. ಸಮುದ್ರ ಸಾಮಾನ್ಯವಾಗಿ ಪುಲ್ಲಿಂಗ, ಆದರೆ ನಾವಿಕರಿಗೂ ಕವಿಗಳಿಗೂ ಅದು ಹೆಣ್ಣು. ನಾವು ಈಗ ಬಳಸುತ್ತಿರುವ ಈ ರೇಡಿಯೋ ಸಹ ಸ್ಪೇನಿನಲ್ಲಿ 'ಲಾ ರಾದಿಯೊ', ಮೆಕ್ಸಿಕೊದಲ್ಲಿ 'ಎಲ್ ರಾದಿಯೊ'! ಇಲ್ಲಿ 'ಏಕೆ' ಎಂದು ಕೇಳಿ ಫಲವಿಲ್ಲ.

ವಿಶೇಷಣದ ಸ್ಥಾನವೂ ನಮಗೆ ಹೊಸದು. ನಮ್ಮಲ್ಲಿ ಅದು ಸದಾ ನಾಮಪದದ ಹಿಂದೆ ಬಂದು ಕುಳಿತುಕೊಳ್ಳುತ್ತದೆ. ಅಲ್ಲಿ 'ಮುಹೇರ್ ಪೊಬ್ರೆ' ಎಂದರೆ ಹಣವಿಲ್ಲದ ಹೆಂಗಸು, 'ಪೊಬ್ರೆ ಮುಹೇರ್' ಎಂದರೆ, ಹಣವಿರಲಿ ಬಿಡಲಿ, ಪಾಪದ ಹೆಂಗಸು.

ಈ ಭಾಷೆಗೆ ಮೊದಲ ವ್ಯಾಕರಣ ಬರೆದವನು ಆಂತೋನ್ಯೊ ದೆ ನೆಬ್ರಿಹಾ. 1492ರ ಆಗಸ್ಟಿನಲ್ಲಿ, ಕೊಲಂಬಸನು ಪಶ್ಚಿಮಕ್ಕೆ ಹಾಯಿಬಿಚ್ಚಿದ ತಿಂಗಳಲ್ಲಿಯೇ, ಅದು ಅಚ್ಚಾಯಿತು. ರಾಣಿ ಇಸಬೆಲಾಳಿಗೆ ಅರ್ಪಿತವಾಯಿತು. ತಾಯಿಯ ತೊಡೆಯ ಮೇಲೆ ಕಲಿಯುವ ಮಾತಿಗೆ ವ್ಯಾಕರಣವೇಕೆ ಎಂಬ ಸಂದೇಹ ಆಕೆಗೂ ಬಂದಿರಬೇಕು. ಪುಸ್ತಕದ ಪ್ರಯೋಜನವೇನೆಂದು ರಾಣಿ ಕೇಳಿದುದನ್ನು ನೆಬ್ರಿಹಾ ತನ್ನ ಮುನ್ನುಡಿಯಲ್ಲಿಯೇ ಹೇಳಿಕೊಂಡಿದ್ದಾನೆ. ಗೆಲ್ಲಲ್ಪಟ್ಟ ಜನಗಳು ಗೆದ್ದವರ ಭಾಷೆ ಕಲಿಯಬೇಕಾದೀತು, ಅದಕ್ಕೆ ಇದು ಬೇಕು ಎಂಬುದು ಬಂದ ಉತ್ತರ. ನಮ್ಮ ಕೇಶಿರಾಜ ಅವನಿಗಿಂತ ಎರಡು ಶತಮಾನಕ್ಕೂ ಹಿಂದೆ 'ಶಬ್ದಮಣಿದರ್ಪಣ'ವನ್ನು ಬರೆದಾಗ ಅವನ ಕಣ್ಣ ಮುಂದಿದ್ದವರು ಕವಿಗಳು, ಸೋತ ಜನರಲ್ಲ. 1847ರಲ್ಲಿ ವೆನೆಜುಏಲಾದ ಆಂದ್ರೆಸ್ ಬೆಯ್ಯೊ ಚಿಲಿ ದೇಶದಲ್ಲಿ ಕುಳಿತು, ಅಮೆರಿಕದವರ ಬಳಕೆಗೆಂದೇ ಹೆಸರಿಸಿ ಇನ್ನೊಂದು ವ್ಯಾಕರಣ ಬರೆದ. ಅಷ್ಟುಹೊತ್ತಿಗೆ ಆ ಭಾಷೆ ಗೆಲ್ಲಲ್ಪಟ್ಟವರ ಮಕ್ಕಳ ಸ್ವತ್ತೂ ಆಗಿತ್ತು.

ಅಮೆರಿಕದ ಮಾತು ಬಂದುದರಿಂದ ಮಧ್ಯಮಪುರುಷದ ಸಂದೇಹವನ್ನು ಇಲ್ಲಿಯೇ ಎತ್ತಿಕೊಳ್ಳಬಹುದು. ನೀನು ಎಂಬುದಕ್ಕೆ 'ತೂ', ಗೌರವದ ನೀವು ಎಂಬುದಕ್ಕೆ 'ಉಸ್ತೆದ್'. ಹಾಗಾದರೆ ಉಸ್ತೆದ್ ಜೊತೆ ಪ್ರಥಮಪುರುಷದ ಕ್ರಿಯಾಪದ ಏಕೆ ಬರುತ್ತದೆ ಎಂದು ಕಲಿಯುವವರು ಕೇಳುತ್ತಾರೆ. 'ಬುಎಸ್ತ್ರಾ ಮೆರ್ಸೆದ್', ಅಂದರೆ 'ತಮ್ಮ ಕೃಪೆ', ಎಂಬ ದೊಡ್ಡ ಮಾತು ಹದಿನೇಳನೆಯ ಶತಮಾನದ ಬಾಯಿಗಳಲ್ಲಿ ಸವೆದು ಸವೆದು ಉಸ್ತೆದ್ ಆಯಿತು. ಕೃಪೆ ಬರುತ್ತದೆ, ಕೃಪೆ ಹೋಗುತ್ತದೆ, ಆದ್ದರಿಂದ ಪ್ರಥಮಪುರುಷ. ಎದುರಿಗೆ ನಿಂತಿರುವ ಗುರುಗಳನ್ನೇ 'ಗುರುಗಳು ಯಾವಾಗ ಬಂದರು?' ಎಂದು ಕೇಳುವ ನಮಗೆ ಇದು ಮನೆಯ ಮಾತು. ಸೆರ್ಬಾಂತೆಸನ 'ದೋನ್ ಕಿಹೋತೆ'ಯಲ್ಲಿ ಸಾಂಚೊ ತನ್ನ ಒಡೆಯನನ್ನು 'ಬುಎಸ್ತ್ರಾ ಮೆರ್ಸೆದ್' ಎನ್ನುತ್ತಾನೆ, ಒಡೆಯ ಅವನನ್ನು 'ತೂ' ಎನ್ನುತ್ತಾನೆ. ಅರ್ಜೆಂಟೀನಾದಲ್ಲಿ 'ತೂ' ಇಲ್ಲ, 'ಬೋಸ್' ಇದೆ, ಅದಕ್ಕೆ ಬೇರೆಯೇ ಕ್ರಿಯಾರೂಪಗಳು. ಕೊಲಂಬಿಯಾದ ಕೆಲವು ಕಡೆ ಮನೆಯೊಳಗೂ ಉಸ್ತೆದ್ ನಡೆಯುತ್ತದೆ. ಅಲ್ಲಿ ಅದು ದೂರವನ್ನು ಸೂಚಿಸುವುದಿಲ್ಲ. ಬಹುವಚನದಲ್ಲಿ ಸ್ಪೇನಿನವರು ಆತ್ಮೀಯರಿಗೆ 'ಬೊಸೋತ್ರೊಸ್' ಎಂಬ ಬೇರೆ ರೂಪ ಇಟ್ಟುಕೊಂಡಿದ್ದಾರೆ. ಅಮೆರಿಕದಲ್ಲಿ ಎಲ್ಲರಿಗೂ 'ಉಸ್ತೆದೆಸ್'.

ಇಲ್ಲಿ ಸಾಹಿತ್ಯಾಸಕ್ತರು ಸ್ವಲ್ಪ ನಿಲ್ಲಬೇಕು. ಸ್ಪ್ಯಾನಿಷ್ ಸಾಹಿತ್ಯ ಕನ್ನಡಕ್ಕೆ ಬಂದಿರುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಮೂಲದಲ್ಲಿ ತೂ, ಉಸ್ತೆದ್ ಎಂದು ಎರಡಿದ್ದುದು ಇಂಗ್ಲಿಷಿನಲ್ಲಿ ಒಂದಾಗುತ್ತದೆ. ಕನ್ನಡದ ಅನುವಾದಕನ ಕೈಯಲ್ಲಿ ನೀನು, ನೀವು, ತಾವು ಎಂದು ಮೂರಿವೆ. ಯಾವುದನ್ನು ಎಲ್ಲಿ ಹಾಕಬೇಕೆಂದು ಹೇಳುವವರಿಲ್ಲ. ಅವನು ಊಹಿಸುತ್ತಾನೆ. ಗಂಡಸೊಬ್ಬ ಹೆಂಗಸೊಬ್ಬಳೊಡನೆ ಮೂರು ಅಧ್ಯಾಯ ಉಸ್ತೆದ್ ಎಂದು ಮಾತನಾಡಿ ನಾಲ್ಕನೆಯದರಲ್ಲಿ ತಟ್ಟನೆ ತೂ ಎಂದನೆನ್ನಿ. ಕಥೆಯ ತಿರುವು ಆ ಒಂದಕ್ಷರದಲ್ಲಿದೆ. ಇಂಗ್ಲಿಷಿನಲ್ಲಿ ಆ ಗಳಿಗೆ ಸದ್ದಿಲ್ಲದೆ ಕಳೆದುಹೋಗುತ್ತದೆ. ಅದನ್ನು ಹಿಡಿಯಬಲ್ಲ ಪದ ಕನ್ನಡದಲ್ಲಿದ್ದೂ ಕನ್ನಡ ಓದುಗನಿಗೆ ಸಿಕ್ಕುವುದಿಲ್ಲ.

ಕೊನೆಯದಾಗಿ, ಎಲ್ಲ ಕಲಿಯುವವರೂ ನಿಟ್ಟುಸಿರಿಡುವ ಸಂದೇಹ: ನಡೆದ ಸಂಗತಿಗೆ ಒಂದು ಕ್ರಿಯಾರೂಪ, ಮನಸ್ಸಿನಲ್ಲಷ್ಟೇ ಇರುವ ಸಂಗತಿಗೆ ಇನ್ನೊಂದು. ಬಯಕೆ, ಸಂದೇಹ, ಭಯ, ಇನ್ನೂ ಬಾರದ ಭವಿಷ್ಯ ಇವೆಲ್ಲ ಎರಡನೆಯದಕ್ಕೆ ಸೇರಿದವು. ಸಂಸ್ಕೃತ ಬಲ್ಲವರಿಗೆ ಲೋಟ್, ಲಿಙ್‌ಗಳು ನೆನಪಾಗಬಹುದು. 'ನೀನು ಬರುತ್ತೀಯೆ' ಎಂಬುದು 'ಬಿಎನೆಸ್'. 'ನೀನು ಬರಬೇಕೆಂದು ಬಯಸುತ್ತೇನೆ' ಎಂಬಲ್ಲಿ ಅದು 'ಬೆಂಗಾಸ್' ಆಗುತ್ತದೆ. 'ಕೆ ಬೆಂಗಾ' ಎಂದರೆ ಅವನು ಬರಲಿ. ಜಯಘೋಷದ 'ಬೀಬಾ' ಕೂಡ ಇದೇ ರೂಪ, ಬಾಳಲಿ ಎಂದರ್ಥ. 'ಕಿಸಾ ಬೆಂಗಾ' ಎಂದರೆ ಅವನು ಬಂದಾನು. ನಮ್ಮ ವ್ಯಾಕರಣಕಾರರು ಸಂಭಾವನಾರ್ಥವೆಂದು ಹೆಸರಿಟ್ಟ 'ಮಳೆ ಬಂದೀತು', 'ಅವಳು ನಕ್ಕಾಳು' ಎಂಬ ರೂಪಗಳು ಪಟ್ಟಣದ ಮಾತಿನಲ್ಲಿ ಸವೆಯುತ್ತಿವೆ. ಅವು ಪೂರ್ತಿ ಮರೆಯಾಗುವ ಮುನ್ನ ಸ್ಪ್ಯಾನಿಷ್ ಕಲಿಯುವವರಾದರೂ ಅವುಗಳಿಂದ ಉಪಕಾರ ಪಡೆಯಲಿ. ಇದೇ ರೂಪವನ್ನು ಸದಾ ಬೆನ್ನಿಗೆ ಕಟ್ಟಿಕೊಂಡು ಬರುವ 'ಒಹಲಾ' ಎಂಬ ಪದವೊಂದಿದೆ. ಹಾಗಾಗಲೆಂದು ಹಾರೈಸುವ ಮಾತು. ಅದು ಅರಬ್ಬಿಯಿಂದ ಬಂದದ್ದು, ದೇವರು ಇಚ್ಛಿಸಿದರೆ ಎಂಬುದು ಅದರ ಹುಟ್ಟರ್ಥ. 711ರಲ್ಲಿ ಕಾಲಿಟ್ಟ ಅರಬ್ ಆಳ್ವಿಕೆ 1492ರಲ್ಲಿ ಗ್ರನಾದಾ ಬಿದ್ದಾಗ ಕೊನೆಗೊಂಡಿತು, ಹಾರೈಕೆ ಉಳಿಯಿತು.

ಈ ಕ್ರಿಯಾರೂಪ ಎಷ್ಟು ಭಾರ ಹೊರಬಲ್ಲುದೆಂಬುದಕ್ಕೆ ಗಾರ್ಸೀಆ ಮಾರ್ಕೆಸ್ ಅವರ ಕಿರುಕಾದಂಬರಿಯೊಂದರ ಹೆಸರೇ ಸಾಕ್ಷಿ. 1961ರಲ್ಲಿ ಪುಸ್ತಕವಾಗಿ ಬಂದ ಅದರಲ್ಲಿ ಮುದುಕ ಕರ್ನಲ್ ಒಬ್ಬ ಬಾರದ ಪಿಂಚಣಿಯ ಕಾಗದಕ್ಕಾಗಿ ಪ್ರತಿ ಶುಕ್ರವಾರ ಅಂಚೆಯ ದೋಣಿಯನ್ನು ಕಾಯುತ್ತಾನೆ. 'ಎಲ್ ಕೊರೊನೆಲ್ ನೊ ತಿಎನೆ ಕಿಎನ್ ಲೆ ಎಸ್ಕ್ರೀಬಾ' ಎಂಬುದು ಅದರ ಹೆಸರು. ಅಲ್ಲಿರುವುದು 'ಎಸ್ಕ್ರೀಬೆ' ಅಲ್ಲ, 'ಎಸ್ಕ್ರೀಬಾ'. ಬರೆಯುವ ಯಾರೋ ಇದ್ದು ಅವರು ಸುಮ್ಮನಿದ್ದಾರೆಂದಲ್ಲ; ಬರೆದಾರು ಎನ್ನಬಹುದಾದ ಜೀವವೇ ಅವನ ಪಾಲಿಗೆ ಲೋಕದಲ್ಲಿಲ್ಲ. ಇಂಗ್ಲಿಷಿನಲ್ಲಿ ಆ ಹೆಸರು ಕರ್ನಲನಿಗೆ ಯಾರೂ ಬರೆಯುವುದಿಲ್ಲ ಎಂಬ ಬರಿಯ ವರದಿಯಾಗಿ ನಿಂತಿತು. ಕನ್ನಡದಲ್ಲಿ 'ಬರೆಯುವವರಿಲ್ಲ' ಎಂದರೆ ಸಾಕೇ, 'ಬರೆದಾರೆಂಬವರೂ ಇಲ್ಲ' ಎನ್ನಬೇಕೇ? ಎರಡನೆಯದು ಕಿವಿಗೆ ಸ್ವಲ್ಪ ಒರಟು. ಆದರೂ ಆ ಮುದುಕ ದೋಣಿಕಟ್ಟೆಯಿಂದ ಬರಿಗೈಯಲ್ಲಿ ಹಿಂತಿರುಗುವ ಶುಕ್ರವಾರಗಳಿಗೆ ಅದೇ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ.